ಕೌದಿಯ ಲೆಕ್ಕ ಬರೆಯುವವರು ಯಾರು?

ಬಿಳಿಜೋಳದ ರಾಶಿ ಮನೆ ಸೇರಿ ಯುಗಾದಿಯೂ ಮುಗಿಯಿತೆಂದರೆ ನಮ್ಮ ಅಕ್ಕಲಕೋಟೆ, ಜತ್ತ, ದಕ್ಷಿಣ ಸೊಲ್ಲಾಪುರದ ಹಳ್ಳಿಗಳಲ್ಲಿ ಗಂಡಸರಿಗೆ ಒಂದಿಷ್ಟು ಪುರಸೊತ್ತು. ಹೊಲ ಬಣಗುಡುತ್ತಿರುತ್ತದೆ. ಮೃಗಶಿರಾ ಮಳೆ ಬರುವ ತನಕ ಮದುವೆ, ಜಾತ್ರೆ, ಕಟ್ಟೆಯ ಮೇಲಿನ ಹರಟೆ. ಮಧ್ಯಾಹ್ನ ನಲವತ್ತು ಡಿಗ್ರಿ ದಾಟಿದ ಬಿಸಿಲಿಗೆ ನಾಯಿಯೂ ನೆರಳು ಬಿಟ್ಟು ಬರುವುದಿಲ್ಲ. ಆ ಹೊತ್ತಿಗೆ ನೀವು ಯಾವುದೇ ಓಣಿ ಹೊಕ್ಕು ನೋಡಿ. ಪಡಸಾಲೆಯಲ್ಲೋ ಬೇವಿನ ಗಿಡದ ಬುಡದಲ್ಲೋ ನಾಲ್ಕು ಜನ ಹೆಂಗಸರು ಅರಿವಿ ಹಾಸಿಕೊಂಡು ನಾಲ್ಕೂ ಕಡೆ ಕುಳಿತಿರುತ್ತಾರೆ. ಬೇಸಿಗೆ ಅವರಿಗೆ ಕೌದಿಯ ಹಂಗಾಮು.

ಈ ಹೊದಿಕೆಗೆ ಗಡಿಯಿಲ್ಲ, ಹೆಸರು ಮಾತ್ರ ಬೇರೆ ಬೇರೆ. ನಮ್ಮ ಬಾಯಲ್ಲಿ ಕೌದಿ. ಸೊಲ್ಲಾಪುರದ ಪೇಟೆಗೆ ಹೋದರೆ ಗೋಧಡಿ. ಸಾಂಗ್ಲಿ, ಕೊಲ್ಲಾಪುರದ ಕಡೆ ವಾಕಳ. ಆದವಾನಿ, ರಾಯದುರ್ಗದ ತೆಲುಗರು ಬೊಂತ ಅನ್ನುತ್ತಾರೆ. ಹಳೆಯ ಸಂಸ್ಕೃತದ ಕಂಥೆ, ಬಂಗಾಳದ ಕಾಂಥಾ ಎಲ್ಲವೂ ಒಂದೇ ಬಳ್ಳಿಯ ಕಾಯಿ. ಹಳೆಯ ಸೀರೆ, ಧೋತರ, ಪಟಕಾ, ಅಂಗಿ, ಕುಬಸ ಇವನ್ನು ಪದರ ಪದರವಾಗಿ ಹಾಸಿ, ಬರೀ ಸೂಜಿ ದಾರದಿಂದ ಅಂಚಿನಿಂದ ಅಂಚಿಗೆ ಟಾಕಿ ಹಾಕಿ ಒಂದು ಮಾಡುವುದೇ ಇದರ ಕೆಲಸ. ಕೇಳಲಿಕ್ಕೆ ಸರಳ. ಅಷ್ಟು ಸರಳ ಅಲ್ಲ ಎನ್ನುವುದು ನನಗೆ ಗೊತ್ತಾಗಲು ಅರವತ್ತು ವರ್ಷ ಬೇಕಾಯಿತು.

ಆದದ್ದು ಇಷ್ಟು. ಹೋದ ಬೇಸಿಗೆಯಲ್ಲಿ ನಮ್ಮ ಮನೆಯವಳು ಎರಡು ಕೌದಿ ಹೊಲಿದಳು. ಒಂದು ಮೊಮ್ಮಗಳಿಗೆ, ಇನ್ನೊಂದು ಮನೆಗೆ ಇರಲಿ ಎಂದು. ಅದೇ ವೇಳೆಗೆ ಪೇಟೆಯ ವ್ಯಾಪಾರಿಯೊಬ್ಬರು ಹಳ್ಳಿ ಹಳ್ಳಿ ತಿರುಗಿ ಕೈಹೊಲಿಗೆಯ ಕೌದಿ ಕೂಡಿಸುತ್ತಿದ್ದರು. ದೊಡ್ಡ ಊರಿನ ಅಂಗಡಿಗಳಲ್ಲಿ ಈಗ ಇವಕ್ಕೆ ಗಿರಾಕಿ ಇದೆ. ನಮ್ಮ ಪಡಸಾಲೆಯಲ್ಲಿ ಕುಳಿತು ಚಹಾ ಕುಡಿದು, ಕೌದಿಯನ್ನು ಎರಡು ಸಲ ತಿರುವಿ ಹಾಕಿ, "ಹಳೀ ಅರಿವಿ ಅಲ್ಲೇನ್ರಿ ಮತ್ತ? ಐದುನೂರು ರೂಪಾಯಿ ತಗೋರಿ" ಅಂದರು. ನಾನು ಕೂಡಲೇ ಹೂಂ ಅಂದೆ. ಮೂಲೆಯಲ್ಲಿ ಬಿದ್ದಿರುತ್ತಿದ್ದ ಹಳೆ ಅರಿವಿಗೆ ಐದುನೂರು ಬಂದರೆ ಲಾಭವೇ ಅಲ್ಲವೇ?

ಮನೆಯವಳು ವ್ಯಾಪಾರಿಯ ಮುಂದೆ ಏನೂ ಅನ್ನಲಿಲ್ಲ. ಅವರು ಹೋದ ಮೇಲೆ ಒಳಗಿನಿಂದ ಬಂದು ಕೇಳಿದಳು: "ತೊಗರಿ ಮಾರೂಮುಂದ ಕಾಲು ಕಿಲೋ ಕಡಿಮಿ ತೂಗಿದ್ರ ಅಡತಿ ಅಂಗಡ್ಯಾಗ ಜಗಳಾ ತಗೀತೀರಿ. ಹಮಾಲಿ ಎಷ್ಟು, ತೋಲಾಯಿ ಎಷ್ಟು ಅಂತ ಚೀಟಿ ಇಡತೀರಿ. ಇದರ ಲೆಕ್ಕಾ ಯಾಕ ಹಾಕಲಿಲ್ಲ?"

ಉತ್ತರ ಇರಲಿಲ್ಲ. ಉಳಿದ ಇನ್ನೊಂದು ಕೌದಿಯನ್ನು ಹಾಸಿ, ಟೇಪು ಹಿಡಿದು ಕುಳಿತೆ. ಆ ಲೆಕ್ಕವನ್ನು ಓದುಗರ ಮುಂದೆ ಇಡುತ್ತೇನೆ. ತಪ್ಪಿದ್ದರೆ ನೀವೇ ತಿದ್ದಿರಿ.

ಒಂದು ಕೌದಿಯ ಲೆಕ್ಕ

ಉದ್ದ 6 ಅಡಿ, ಅಗಲ 4 ಅಡಿ. ಒಂದು ಸಾಲು ಹೊಲಿಗೆಗೂ ಇನ್ನೊಂದಕ್ಕೂ ನಡುವೆ ಅರ್ಧ ಇಂಚು. ಅಂದರೆ ಅಗಲದಲ್ಲಿ 96 ಸಾಲು. ಪ್ರತಿ ಸಾಲು 6 ಅಡಿ ಹಿಡಿದರೆ ಒಟ್ಟು 576 ಅಡಿ ಹೊಲಿಗೆ. ಇಂಚಿಗೆ ಮೂರು ಟಾಕಿ ಬಿದ್ದಿವೆ. ಹಾಗಾದರೆ ಒಂದು ಸಾಲಿಗೆ 216 ಟಾಕಿ, ಇಡೀ ಕೌದಿಗೆ 20,736 ಟಾಕಿ. ದಾರ ಜೋಡೆಳೆ. ಮೇಲೆ ಕೆಳಗೆ ಹೋಗಿಬರುವ ದಪ್ಪ, ಗಂಟು ಇವನ್ನು ಬಿಟ್ಟು ಬರೀ ಉದ್ದ ಹಿಡಿದರೂ ಮುನ್ನೂರೈವತ್ತು ಮೀಟರು ದಾರ.

ಒಂದು ಸಾಲಿಗೆ ಎಷ್ಟು ಹೊತ್ತು? ಗಡಿಯಾರ ನೋಡಿ ಮನೆಯವಳ ಕೈಲಿ ಒಂದು ಸಾಲು ಹಾಕಿಸಿದೆ. ಐದು ಪದರದ ಅರಿವಿಯಲ್ಲಿ ಇಪ್ಪತ್ತು ನಿಮಿಷ ಹಿಡಿಯಿತು. 96 ಸಾಲಿಗೆ 1,920 ನಿಮಿಷ, ಅಂದರೆ 32 ತಾಸು. ಅರಿವಿ ಒಗೆದು ಒಣಗಿಸುವುದು, ಹರಿದ ಭಾಗ ಕತ್ತರಿಸುವುದು, ಪದರ ಹಾಸುವುದು, ಮೇಲೆ ತೇಪೆ ಜೋಡಿಸುವುದು, ಸುತ್ತಲೂ ಅಂಚು ಕಟ್ಟುವುದು ಇವಕ್ಕೆ ಇನ್ನೂ 8 ತಾಸು. ಒಟ್ಟು 40 ತಾಸು. ದಿನಕ್ಕೆ ಮಧ್ಯಾಹ್ನದ ನಾಲ್ಕು ತಾಸು ಕುಳಿತರೆ ಹತ್ತು ದಿನದ ದುಡಿಮೆ.

ಐದುನೂರನ್ನು ನಲವತ್ತರಿಂದ ಭಾಗಿಸಿ. ತಾಸಿಗೆ ಹನ್ನೆರಡೂವರೆ ರೂಪಾಯಿ. ಅದರಲ್ಲೇ ದಾರದ ರೊಕ್ಕ, ಸೂಜಿಯ ರೊಕ್ಕ. ಎಂಟು ತಾಸಿನ ದಿನ ಹಿಡಿದರೆ ನಲವತ್ತು ತಾಸು ಅಂದರೆ ಐದು ಆಳಿನ ಕೂಲಿ. ನಿಮ್ಮೂರಿನಲ್ಲಿ ಕಳೆ ತೆಗೆಯುವ ಹೆಣ್ಣಾಳಿಗೆ ಈಗ ಏನು ಕೊಡುತ್ತೀರೋ ಅದನ್ನು ಐದರಿಂದ ಗುಣಿಸಿ ನೋಡಿ. ಆ ಮೊತ್ತಕ್ಕೂ ನಾನು ಹೂಂ ಅಂದ ಐದುನೂರಕ್ಕೂ ಎಷ್ಟು ಅಂತರವೋ ಅಷ್ಟನ್ನು ನಮ್ಮ ಮನೆಯವಳ ಕೈಯಿಂದ ಕಸಿದು ಕೊಟ್ಟವನು ನಾನೇ. ವ್ಯಾಪಾರಿಯನ್ನು ಬೈದು ಏನು ಫಲ? ಅವರು ಕೇಳಿದರು, ನಾನು ಕೊಟ್ಟೆ.

ಗುರುತು ಸಿಕ್ಕ ಕೆಲಸ, ಸಿಗದ ಕೆಲಸ

ನಮ್ಮ ಸೀಮೆಗೆ ಬಟ್ಟೆಯ ಬೆಲೆ ಗೊತ್ತಿಲ್ಲ ಎನ್ನುವಂತಿಲ್ಲ. ಸೊಲ್ಲಾಪುರದ ಜಕಾರ್ಡ್ ಮಗ್ಗದ ಚಾದರಕ್ಕೆ 2005-06ರಲ್ಲೇ ಭೌಗೋಳಿಕ ಗುರುತಿನ ನೋಂದಣಿ ಆಗಿದೆ. ಧಾರವಾಡ ಕಡೆಯ ಕಸೂತಿಗೆ ಆ ಗುರುತು ಇದೆ. ಸಂಡೂರಿನ ಲಂಬಾಣಿ ಹೊಲಿಗೆಗೆ, ನೀಲಗಿರಿಯ ತೋಡರ ಕಸೂತಿಗೆ, ಅತ್ತ ಬಿಹಾರದ ಸುಜನಿಗೆ, ಬಂಗಾಳದ ನಕ್ಷಿ ಕಾಂಥಾಕ್ಕೆ ಕೂಡ ಇದೆ. ಸುಜನಿಯೂ ಕಾಂಥಾವೂ ಹುಟ್ಟಿನಲ್ಲಿ ನಮ್ಮ ಕೌದಿಯ ಹಾಗೆಯೇ: ಹಳೆಯ ಮೆದು ಅರಿವಿಯ ಪದರ, ಅದರ ಮೇಲೆ ಹೆಂಗಸರ ಟಾಕಿ.

ಉತ್ತರ ಕನ್ನಡ ಜಿಲ್ಲೆಯ ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆ ಸಿದ್ದಿ ಜನರಿದ್ದಾರೆ. ಅವರ ಹಿರಿಯರನ್ನು ಆಫ್ರಿಕದಿಂದ ಹಡಗಿನಲ್ಲಿ ಗೋವಾಕ್ಕೆ ತಂದದ್ದು ಪೋರ್ಚುಗೀಸರ ಕಾಲದ ಕಥೆ. ಆ ಹೆಂಗಸರು ಹೊಲಿಯುವ ಕೌದಿಗೆ ಕವಂಡಿ ಎಂದು ಹೆಸರು. ಅಂಚಿನಿಂದ ಹೊರಟು ಸುತ್ತುತ್ತ ಸುತ್ತುತ್ತ ನಡುವಿಗೆ ಬಂದು ಮುಗಿಸುತ್ತಾರೆ. ನಾಲ್ಕು ಮೂಲೆಗೂ ಅರಿವಿಯನ್ನು ಮುಕ್ಕೋನೆಯಾಗಿ ಮಡಚಿ ಹೂ ಇಡುತ್ತಾರೆ. ಹೂವಿಲ್ಲದಿದ್ದರೆ ಅದು ಬೋಳು, ಪೂರ್ತಿಯಾಗಿಲ್ಲ ಎನ್ನುವುದು ಅವರ ಮಾತು. ಇಂದು ಆ ಕವಂಡಿಗಳನ್ನು ಹೊರದೇಶದ ಜನ ಕೂಡ ಗೋಡೆಗೆ ತೂಗುಹಾಕಿ ನೋಡುತ್ತಾರೆ. ಕಾಡಂಚಿನ ಬಡವರ ಹೊದಿಕೆಗೆ ಆ ಮಾನ ಬರಬಹುದಾದರೆ ನಮ್ಮ ಕೌದಿ ಮಾತ್ರ ಯಾಕೆ "ಹಳೀ ಅರಿವಿ" ಆಗಿಯೇ ಉಳಿಯಬೇಕು?

ಗುರುತಿನ ಪತ್ರ ಬಂದ ಕೂಡಲೇ ಹೊಲಿದವಳ ಕೈಗೆ ರೊಕ್ಕ ಬರುತ್ತದೆ ಅನ್ನುವುದು ನನ್ನ ವಾದವಲ್ಲ. ಮೊದಲು ಮನೆಯಲ್ಲಿ ಲೆಕ್ಕ ಶುರುವಾಗಲಿ. ಮನೆಯ ಯಜಮಾನನೇ ಬೆಲೆ ಕಟ್ಟದ ಕೆಲಸಕ್ಕೆ ಸರಕಾರವಾಗಲಿ ಪೇಟೆಯಾಗಲಿ ಯಾಕೆ ಬೆಲೆ ಕಟ್ಟಬೇಕು?

ಸ್ಟೀಲು ಬೋಗಾಣಿಯ ಮಾತು

ಇನ್ನೊಂದು ತಪ್ಪು ಎಲ್ಲರ ಮನೆಯಲ್ಲೂ ನಡೆಯುತ್ತದೆ. ಹಳೆ ಸೀರೆಗೆ ಸ್ಟೀಲು ಪಾತ್ರೆ ಕೊಡುವವರು ಓಣಿಗೆ ಬರುತ್ತಾರೆ. ಅವರದೂ ಹೊಟ್ಟೆಪಾಡು, ಅದಕ್ಕೆ ನನ್ನ ತಕರಾರಿಲ್ಲ. ಆದರೆ ಕೊಡುವಾಗ ಏನು ಕೊಡುತ್ತಿದ್ದೇವೆ ಎಂದು ನೋಡಬೇಕು. ನಮ್ಮವ್ವ ತೀರಿಕೊಂಡ ವರ್ಷ ಅವಳ ಪೆಟ್ಟಿಗೆಯಲ್ಲಿ ಹತ್ತಿಯ ಹನ್ನೊಂದು ಸೀರೆ ಇದ್ದವು. ಇಳಕಲ್ಲಿನವು ಮೂರು. ಮನೆಯಲ್ಲಿ ಜಾಗ ಇಲ್ಲ ಎಂದು ನಾನೇ ಆರು ಸೀರೆ ಕೊಟ್ಟು ಒಂದು ಬೋಗಾಣಿ, ಎರಡು ತಾಟು ತೆಗೆದುಕೊಂಡೆ. ಬೋಗಾಣಿಯ ತಳ ಮೂರನೇ ವರ್ಷ ಸೋರಿತು. ಉಳಿದ ಐದು ಸೀರೆಯನ್ನು ಮನೆಯವಳು ಅಡಗಿಸಿ ಇಟ್ಟಿದ್ದಳು. ಹೋದ ಬೇಸಿಗೆಯ ಎರಡು ಕೌದಿಗೆ ಒಳಪದರವಾಗಿ ಹೋದದ್ದು ಅವೇ.

ಅಂದರೆ ನಾನು ಐದುನೂರಕ್ಕೆ ಕೊಟ್ಟದ್ದರಲ್ಲಿ ನಮ್ಮವ್ವನ ಸೀರೆಯೂ ಇತ್ತು. ಅದು ನನಗೆ ಗೊತ್ತಾದದ್ದು ಕೌದಿ ಊರು ಬಿಟ್ಟ ಮೇಲೆ. ಮನೆಯವಳು ಯಾಕೆ ಮೊದಲೇ ಹೇಳಲಿಲ್ಲ ಎಂದು ಕೇಳಿದೆ. "ನೀವು ಕೇಳಿದ್ರ ಹೇಳತಿದ್ದೆ" ಅಂದಳು.

ಹತ್ತಿ ಎಲ್ಲಿದೆ, ಹೊತ್ತು ಎಲ್ಲಿದೆ?

ಈ ಮಾತು ಎತ್ತಿದರೆ ಕಟ್ಟೆಯ ಮೇಲೆ ಮೂರು ಉತ್ತರ ಬರುತ್ತವೆ. ಒಂದು: ಈಗ ಹತ್ತಿ ಸೀರೆ ಯಾರು ಉಡುತ್ತಾರೆ, ಎಲ್ಲಾ ಪಾಲಿಸ್ಟರ್. ಇದು ನಿಜ. ಪಾಲಿಸ್ಟರ್ ಬೆವರು ಹೀರುವುದಿಲ್ಲ. ಬೆಂಕಿಯ ಕಿಡಿ ತಾಗಿದರೆ ಕರಗಿ ಮೈಗೆ ಅಂಟುತ್ತದೆ. ಆದ್ದರಿಂದ ಒಲೆಯ ಹತ್ತಿರ, ಬೀಡಿ ಸೇದುವವರ ಹಾಸಿಗೆಗೆ, ಕೂಸಿನ ತೊಟ್ಟಿಲಿಗೆ ಅದು ಬೇಡ. ಮೈಗೆ ತಾಗುವ ಮೇಲಿನ ಮತ್ತು ಕೆಳಗಿನ ಪದರ ಹತ್ತಿಯದಿರಲಿ. ಹಳೆ ಧೋತರ, ಹಾಸಿಗೆಯ ಚಾದರ, ಲುಂಗಿ, ಅಂಗಿ ಈಗಲೂ ಹತ್ತಿಯಲ್ಲಿ ಸಿಗುತ್ತವೆ. ಕಡಿಮೆ ಬಿದ್ದರೆ ಒಂದು ಪದರಕ್ಕೆ ಕೋರಾ ಬಟ್ಟೆ ಕೊಳ್ಳಿರಿ.

ಎರಡನೆಯದು: ಪಾಣಿಪತ್ತದ ರಗ್ಗು ಸೋವಿಗೆ ಸಿಗುವಾಗ ಇದೆಲ್ಲ ಯಾಕೆ? ರಗ್ಗು ಚಳಿಗಾಲಕ್ಕೆ ಬೆಚ್ಚಗೆ, ಒಪ್ಪೋಣ. ನಮ್ಮ ಸೆಕೆಯಲ್ಲಿ ಏಪ್ರಿಲ್ ರಾತ್ರಿ ಮಾಳಿಗೆ ಮೇಲೆ ಅದನ್ನು ಹಾಸಿ ಮಲಗಿ ನೋಡಿ. ಕೌದಿ ಬೇಸಿಗೆಯಲ್ಲಿ ಹಾಸಲಿಕ್ಕೆ, ಮಳೆಗಾಲದಲ್ಲಿ ಹೊದೆಯಲಿಕ್ಕೆ, ಬಾಣಂತಿಗೆ, ಬಂಡಿಯಲ್ಲಿ ಹಾಸಲಿಕ್ಕೆ ಎಲ್ಲಕ್ಕೂ ಬರುತ್ತದೆ. ಹರಿದರೆ ತೇಪೆ ಹಾಕಿ ಮತ್ತೆ ಹೊಲಿಯಬಹುದು. ತೀರ ಹಳತಾದರೆ ಹೊಸ ಕೌದಿಗೆ ಒಳಪದರವಾಗುತ್ತದೆ.

ಮೂರನೆಯದು: ಹೊತ್ತು ಎಲ್ಲಿದೆ? ಇದಕ್ಕೆ ಉತ್ತರ ಹೇಳಬೇಕಾದವರು ಹೆಂಗಸರು, ನಾವಲ್ಲ. ಆದರೆ ಒಂದು ಕಂಡಿದ್ದೇನೆ. ಸೂಟಿಗೆ ಬಂದ ಮಕ್ಕಳ ಕೈಯಿಂದ ಮೊಬೈಲು ಬಿಡಿಸಲು ಬೈದರೆ ಆಗಲಿಲ್ಲ, ಹೊಡೆದರೂ ಆಗಲಿಲ್ಲ. ಮೊಮ್ಮಗಳಿಗೆ ಸೂಜಿ ಪೋಣಿಸಿ ಕೊಡುವ ಕೆಲಸ ಹಚ್ಚಿದ ಮೇಲೆ ಅವಳು ತಾನಾಗಿ ಕೌದಿಯ ಅಂಚಿಗೆ ಬಂದು ಕುಳಿತಳು. ಎರಡನೇ ವಾರಕ್ಕೆ ತನ್ನದೇ ಒಂದು ಗೇಣಿನ ಗೊಂಬೆಯ ಕೌದಿ ಹೊಲಿದಳು. ಟಾಕಿ ಸೊಟ್ಟಗಿದ್ದವು, ಅದನ್ನು ಯಾರೂ ಬಿಚ್ಚಲಿಲ್ಲ.

ಅವಳು ಸೊಲ್ಲಾಪುರದಲ್ಲಿ ಮರಾಠಿ ಮಾಧ್ಯಮದ ಶಾಲೆಗೆ ಹೋಗುತ್ತಾಳೆ. ಅದೇನೂ ತಪ್ಪಲ್ಲ, ಎರಡು ಭಾಷೆಯೂ ನಮ್ಮವೇ. ಆದರೆ ಗೇಣು, ಚೋಟು, ಮೊಳ, ಮಾರು ಅಂದರೆ ಏನೆಂದು ಅವಳಿಗೆ ಗೊತ್ತಿರಲಿಲ್ಲ. ಒಂದು ಮಾರಿಗಿಂತ ಉದ್ದ ದಾರ ತೆಗೆದುಕೊಂಡರೆ ಸಿಕ್ಕುಬೀಳುತ್ತದೆ ಎಂದು ಅಜ್ಜಿ ಹೇಳಿದಾಗ, ಎರಡೂ ಕೈ ಚಾಚಿ ಮಾರು ಅಳೆದಳು. ಬೇಸಿಗೆ ಮುಗಿಯುವಷ್ಟರಲ್ಲಿ ಅರಿವಿ, ಸೆರಗು, ದಡಿ, ತೇಪೆ, ಎಳೆ, ಗಂಟು ಎಲ್ಲಾ ಅವಳ ಬಾಯಿಗೆ ಬಂದಿದ್ದವು. ಕನ್ನಡ ಕಲಿಸಬೇಕೆಂದು ನಾನು ತಂದುಕೊಟ್ಟ ಪುಸ್ತಕ ಮಾತ್ರ ಮಡಿಕೆ ಮುರಿಯದೆ ಹಾಗೇ ಇತ್ತು.

ಈ ಬೇಸಿಗೆಗೆ ಕೂಡುವವರಿಗೆ

ಮನೆಯವಳಿಂದ ಕೇಳಿ ಬರೆದುಕೊಂಡ ನಾಲ್ಕು ಮಾತು ಇಲ್ಲಿವೆ. ಅರಿವಿಯನ್ನು ಬಿಸಿನೀರಲ್ಲಿ ನೆನೆಸಿ ಒಗೆದು ಎರಡು ದಿನ ಖಡಕ್ ಬಿಸಿಲಿಗೆ ಹಾಕಿರಿ. ಜರಿ, ಗುಂಡಿ, ಹುಕ್ಕು ಎಲ್ಲಾ ತೆಗೆಯಿರಿ. ತೊಟ್ಟಿಲ ಕೌದಿಗಂತೂ ಚುಚ್ಚುವ, ಕೂಸಿನ ಬಾಯಿಗೆ ಸಿಗುವ ಏನೂ ಇರಬಾರದು. ಬಣ್ಣ ಬಿಡುವ ಅರಿವಿಯನ್ನು ಮೊದಲೇ ಒದ್ದೆ ಮಾಡಿ ಬಿಳಿ ಚಿಂದಿಯಿಂದ ಒರೆಸಿ ಪರೀಕ್ಷೆ ಮಾಡಿರಿ. ಪದರ ಐದಕ್ಕಿಂತ ಹೆಚ್ಚಾದರೆ ಬೆರಳಿಗೂ ಸೂಜಿಗೂ ತ್ರಾಸು. ನೆಲದ ಮೇಲೆ ಬಿಗಿಯಾಗಿ ಹಾಸಿ ಮೂಲೆಗೆ ಕಲ್ಲು ಹೇರಿ, ಮೊದಲು ಗೇಣಿಗೊಂದರಂತೆ ಉದ್ದುದ್ದ ಕಚ್ಚಾ ಟಾಕಿ ಹಾಕಿಕೊಳ್ಳಿರಿ. ಇಲ್ಲದಿದ್ದರೆ ಒಳಗಿನ ಪದರ ಸರಿದು ಗಂಟಾಗುತ್ತದೆ. ದಾರ ಹತ್ತಿಯದು, ಗಟ್ಟಿ ಇರಲಿ. ಮೇಣಕ್ಕೆ ತಿಕ್ಕಿದರೆ ಸಲೀಸಾಗಿ ಓಡುತ್ತದೆ. ಬೆಳಕು ಎಡಗಡೆಯಿಂದ ಬೀಳುವ ಹಾಗೆ ಕುಳಿತುಕೊಳ್ಳಿರಿ, ಸಂಜೆ ಮಬ್ಬಿನಲ್ಲಿ ಕಣ್ಣಿಗೆ ತ್ರಾಸು ಕೊಡಬೇಡಿರಿ. ಎಡಗೈಯವರಿದ್ದರೆ ಬೆಳಕು ಬಲಗಡೆ. ಮಳೆ ಶುರುವಾಗುವ ಮೊದಲು ಮುಗಿಸಿರಿ, ದಪ್ಪ ಕೌದಿ ಮಳೆಗಾಲದಲ್ಲಿ ಒಣಗುವುದಿಲ್ಲ, ಮುಗ್ಗುತ್ತದೆ.

ಇನ್ನು ಗಂಡಸರಿಗೆ, ವ್ಯಾಪಾರಸ್ಥರಿಗೆ ನನ್ನದೊಂದು ಮಾತು. ಊರಿಂದ ಊರಿಗೆ ಬಂದು ಮನೆ ಮುಂದೆ ಕುಳಿತು ಕೌದಿ ಹೊಲಿದುಕೊಡುವ ಹೆಂಗಸರು ಈಗಲೂ ಇದ್ದಾರೆ. ಅವರ ಜೊತೆ ಚೌಕಾಸಿ ಮಾಡುವ ಮೊದಲು ಸಾಲು ಎಣಿಸಿರಿ. ಅರ್ಧ ಇಂಚಿನ ಸಾಲಿಗೆ ಒಂದು ದರ, ಒಂದು ಇಂಚಿನ ಸಾಲಿಗೆ ಅದರ ಅರ್ಧ. ದಾರ ನೀವು ಕೊಡಿರಿ. ನೆರಳು, ಕುಡಿಯುವ ನೀರು, ಮಧ್ಯಾಹ್ನದ ರೊಟ್ಟಿ ಕೊಡಿರಿ, ಅದನ್ನು ಕೂಲಿಯಲ್ಲಿ ಮುರಿಯಬೇಡಿರಿ. ಕೊಂಡು ಮಾರುವವರು ಹೊಲಿದವಳ ಹೆಸರು, ಊರು, ಹಿಡಿದ ತಾಸು ಇಷ್ಟನ್ನು ಒಂದು ಚೀಟಿಯಲ್ಲಿ ಬರೆದು ಕೌದಿಗೆ ಕಟ್ಟಿರಿ. ಅರ್ಧ ರೊಕ್ಕ ಮುಂಗಡ ಕೊಡಿರಿ. ಇದರಿಂದ ವ್ಯಾಪಾರ ಕೆಡುವುದಿಲ್ಲ. ಕೈಹೊಲಿಗೆ ಎಂದು ಹೇಳಿ ಮಷಿನ್ ಹೊಲಿಗೆ ಮಾರುವವರ ನಡುವೆ ನಿಮ್ಮ ಮಾಲಿಗೆ ಸಾಕ್ಷಿ ಸಿಕ್ಕ ಹಾಗಾಗುತ್ತದೆ. ಮಾರುವುದು ಬಿಡುವುದು ಯಾರ ಇಚ್ಛೆ ಎಂದರೆ ಹೊಲಿದವಳದು. ಯಜಮಾನ ಪಡಸಾಲೆಯಲ್ಲಿ ಕುಳಿತು ಹೂಂ ಅನ್ನುವ ರೂಢಿ ನಿಲ್ಲಬೇಕು.

ನಮ್ಮ ಮನೆಯಲ್ಲಿ ಕೌದಿಯ ಕಡೆಯ ಮೂಲೆ ಮುಚ್ಚುವ ದಿನ ಅದರ ಮೇಲೆ ಅರಿಶಿನ ಕುಂಕುಮ ಹಾಕಿ, ರೊಟ್ಟಿಯ ಚೂರೊಂದು ಇಟ್ಟು, ಮನೆಯ ಕಿರಿಯ ಕೂಸನ್ನು ಮೊದಲು ಅದರ ಮೇಲೆ ಕೂಡಿಸುತ್ತಾರೆ. ಹಸಿದ ಕೌದಿ ಯಾರಿಗೂ ಹೊದಿಸಬಾರದು ಎಂದು ನಮ್ಮವ್ವ ಅನ್ನುತ್ತಿದ್ದಳು. ಈ ವರ್ಷ ಮತ್ತೆ ಎರಡು ಕೌದಿಗೆ ಅರಿವಿ ತೆಗೆದಿಟ್ಟಿದ್ದಾರೆ. ಕಳೆದ ವಾರ ನನ್ನ ಎರಡು ಹಳೆ ಧೋತರ ನಾನೇ ಒಗೆದು ಬಿಸಿಲಿಗೆ ಹಾಕಿ ಬಂದೆ. ಮನೆಯವಳು ನೋಡಿ ನಕ್ಕಳು. ಒಂದು ನೋಟುಬುಕ್ಕು ತಂದು ಅವಳ ಕೈಗೆ ಕೊಟ್ಟಿದ್ದೇನೆ. ಯಾವ ದಿನ ಎಷ್ಟು ಸಾಲು ಎಂದು ಮೊಮ್ಮಗಳು ಅದರಲ್ಲಿ ಬರೆಯುತ್ತಿದ್ದಾಳೆ, ಕನ್ನಡದಲ್ಲಿ. ಇವತ್ತಿನ ತನಕ ಹದಿನಾಲ್ಕು ಸಾಲಾಗಿವೆ.